ಕಿತ್ತಳೆ ಸಿಪ್ಪೆ, ಐದನೇ ಪ್ರಶ್ನೆ

ಲಿನ್ ಆಂಟಿ ಮನೆ ಗರಾಜ್ ಬಾಗಿಲು ಮೇಲಕ್ಕೆ ಹೋಗೋವಾಗ ಮೊಣಕಾಲು ನೋವು ಬಂದ ಆನೆ ಥರ ನರಳುತ್ತೆ. ಅಂಥ ಆನೆನ ನೀನು ನೋಡಿದೀಯಾ ಅಂತ ಕೇಳ್ಬೇಡಿ. ಮೈಸೂರಲ್ಲಿ ಹತ್ತು ವರ್ಷ ಬೆಳೆದೋಳು ನಾನು, ಆನೆ ವಿಷಯದಲ್ಲಿ ಇಷ್ಟು ಸಲಿಗೆ ನನಗಿದೆ.

ಈ ಜೂನಲ್ಲಿ ಅಡಿಲೇಡಿಂದ ರಜಕ್ಕೆ ಬಂದಿದ್ದೆ. ಅಲ್ಲಿ ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷ. ಅಡಿಲೇಡ್ ಚಳಿ ಎಂಥದ್ದು ಅಂದ್ರೆ ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಟೂತ್‌ಪೇಸ್ಟನ್ನ ಕಂಕುಳಲ್ಲಿ ಇಟ್ಕೊಂಡು ಕರಗಿಸ್ಬೇಕು. ಬ್ರಿಸ್ಬೇನಿಗೆ ಬಂದು ಬ್ಯಾಗ್ ಇನ್ನೂ ಕೆಳಗಿಟ್ಟಿಲ್ಲ, ಅಮ್ಮ ಶುರು ಮಾಡಿದ್ಲು.

“ಲಿನ್ ಎರಡು ಸಲ ಕೇಳಿದ್ರು ಕಣೇ, ಪೂರ್ವಿ ಬಂದ್ಲಾ ಅಂತ. ಏನೋ ತೋರಿಸ್ಬೇಕಂತೆ. ಹೋಗ್ ಬಾ.”

“ಏನಂತೆ?”

“ನನಗೇ ಹೇಳೋ ಹಂಗಿದ್ರೆ ನಿನ್ನ ಯಾಕೆ ಕರೀತಿದ್ರು?”

ಹೋದೆ. ಆನೆ ನರಳ್ತು. ಬಾಗಿಲು ಮೊಣಕಾಲಿನ ತನಕ ಎದ್ದಿತ್ತು ಅಷ್ಟೇ, ಅದರ ಕೆಳಗಿಂದ ಆ ವಾಸನೆ ತೂರ್ಕೊಂಡು ಬಂತು. ಈಗಷ್ಟೇ ಪ್ರಿಂಟ್ ಆದ ಬಿಸಿ ಕಾಗದ, ಒಣಗ್ತಾ ಇರೋ ಕಿತ್ತಳೆ ಸಿಪ್ಪೆ, ಸ್ವಲ್ಪ ಕಾರಿನ ಎಣ್ಣೆ. ಬಾಗಿಲು ಪೂರ್ತಿ ಮೇಲೆ ಹೋಗೋಷ್ಟರಲ್ಲಿ ನಾನು ಹದಿನೆಂಟರಿಂದ ಹದಿನೈದಕ್ಕೆ ಇಳಿದುಬಿಟ್ಟಿದ್ದೆ. 2016ರ ಚಳಿಗಾಲಕ್ಕೆ.

ಜೂನಲ್ಲಿ ಬರೋ ಬ್ರಿಸ್ಬೇನ್ ಚಳಿಗಾಲ ಅಂದ್ರೆ ಚಳಿಗಾಲದ ವೇಷ ಹಾಕ್ಕೊಂಡ ಬೇಸಿಗೆ. ಆಕಾಶ ಒಂದೇ ಒಂದು ಮೋಡ ಇಲ್ಲದೆ ನೀಲಿಯಾಗಿ ನಿಂತಿರುತ್ತೆ, ಯಾರೋ ಒರೆಸಿಟ್ಟಂಗೆ. ಪಶ್ಚಿಮದಿಂದ ಒಣ ಗಾಳಿ ಬೀಸಿ ಗಮ್ ಮರದ, ಅಂದ್ರೆ ನಮ್ಮ ನೀಲಗಿರಿ ಮರದ, ಎಲೆನೆಲ್ಲಾ ಒಂದೇ ಕಡೆಗೆ ಬಾಚುತ್ತೆ. ಮೂರು ಗಂಟೆಗೆಲ್ಲಾ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿ, ಮನೆ ಮುಂದಿನ ಡ್ರೈವ್‌ವೇಲಿ ನಿಂತ ಕಾರುಗಳ ಮೇಲೆ ನಿಧಾನವಾಗಿ ಇಳಿಯುತ್ತೆ. ಆ ವರ್ಷದ ಶನಿವಾರಗಳೆಲ್ಲಾ ಈಗ ನೆನೆಸ್ಕೊಂಡ್ರೆ ಒಂದೇ ಉದ್ದ ಆರ್ವೋ ಥರ ಕಾಣುತ್ತೆ. ಮಧ್ಯಾಹ್ನಕ್ಕೆ ಇಲ್ಲಿ ಹಂಗೆ ಅಂತಾರೆ. ಹೆಸರು ಅರ್ಧ, ಹೊತ್ತು ಮಾತ್ರ ಎರಡರಷ್ಟು.

ಅಮ್ಮ, ಲಿನ್ ಆಂಟಿ ಇಬ್ರೂ ಒಂದೇ ಆಸ್ಪತ್ರೆಯ ಲ್ಯಾಬಲ್ಲಿ ಕೆಲಸ ಮಾಡ್ತಾರೆ. ನಾರ್ತ್ ಲೇಕ್ಸ್ ಬಡಾವಣೇಲಿ ನಮ್ಮ ಮನೆಗೂ ಅವರ ಮನೆಗೂ ಮಧ್ಯೆ ಒಂದು ರಸ್ತೆ, ದಾರಿ ಬಿಡದ ನಾಲ್ಕು ಬಾತುಕೋಳಿ. ಒಂದೇ ಕಾರಲ್ಲಿ ಡ್ಯೂಟಿಗೆ ಹೋಗಿಬರ್ತಿದ್ರು. ಆಂಟಿ ಚೀನಾದ ಗ್ವಾಂಗ್‌ಡಾಂಗ್ ಕಡೆಯೋರು. ಬ್ರಿಸ್ಬೇನಿಗೆ ಬಂದು ಆಗ್ಲೇ ನಾಲ್ಕು ವರ್ಷ ಆಗಿತ್ತು, ಒಬ್ಬರೇ. ಅಂಕಲ್ ಅನ್ನೋರು ಯಾರೂ ಇರ್ಲಿಲ್ಲ, ಆ ವಿಷಯ ಎತ್ಬೇಡ ಅಂತ ಅಮ್ಮ ಕಣ್ಣಲ್ಲೇ ಹೇಳಿದ್ಲು. ಮಗಳು ಯುಟಾಂಗ್, ನನ್ನ ವಯಸ್ಸಿನೋಳೇ, ಊರಲ್ಲಿ ಅಜ್ಜಿ ಜೊತೆ ಇದ್ಲು.

ಆ ಜೂನಲ್ಲಿ ಯುಟಾಂಗ್‌ಗೆ ಪರೀಕ್ಷೆ. ನಮ್ಮ ಎಸ್ಸೆಸ್ಸೆಲ್ಸಿ ಅಂದ್ಕೊಳ್ಳಿ. ಅವರಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದೋರೆಲ್ಲಾ ಅದನ್ನ ಬರೀಬೇಕು, ಬಂದ ಮಾರ್ಕ್ಸ್ ನೋಡಿ ಯಾವ ಹೈಸ್ಕೂಲು ಅಂತ ತೀರ್ಮಾನ. ಹುಡುಗಿ ಎಲ್ಲಾದರಲ್ಲೂ ಫಸ್ಟು, ಇಂಗ್ಲಿಷ್ ಕಾಂಪ್ರಹೆನ್ಶನ್ ಬಂದ್ರೆ ಮಾತ್ರ ದಢಾರ್. ಒಂದು ಪ್ಯಾಸೇಜ್ ಓದೋದು, ಕೆಳಗೆ ಐದು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾಗಿರೋದನ್ನ ಆರಿಸೋದು. ಇಷ್ಟೇ. ಅಂಗಡಿಯಲ್ಲಿ ಸಿಗೋ ಪ್ರಾಕ್ಟೀಸ್ ಪುಸ್ತಕ ಎಲ್ಲಾ ಮುಗಿಸಿದ್ಲಂತೆ. ಆದ್ರೂ ದಢಾರ್.

“ಪುಸ್ತಕದ ಪ್ಯಾಸೇಜೆಲ್ಲಾ ಬೋರು,” ಅಂತ ಆಂಟಿ ಕಾರಲ್ಲಿ ಅಮ್ಮನ ಹತ್ರ ಹೇಳಿದ್ರಂತೆ. “ಒಬ್ಬ ಟಾಮ್. ಒಬ್ಬ ಅಜ್ಜ. ಒಂದು ಕಳೆದುಹೋದ ಛತ್ರಿ. ಅದಕ್ಕೇ ಅವಳ ತಲೆಗೆ ಹೋಗಲ್ಲ.”

ಅಮ್ಮ ಸ್ಟೀರಿಂಗ್ ಹಿಡ್ಕೊಂಡೇ ನನ್ನ ಧಾರೆ ಎರೆದುಬಿಟ್ಲು. “ನಮ್ಮ ಪೂರ್ವಿ ಬರೀತಾಳೆ ಬಿಡಿ. ಬೆಳಿಗ್ಗೆ ಎದ್ದಾಗಿಂದ ಬುರುಡೆ ಬಿಡೋದೇ ಅವಳ ಕೆಲಸ. ಒಂದಿಷ್ಟು ಉಪಯೋಗಕ್ಕಾದ್ರೂ ಬರ್ಲಿ.”

ಹಂಗಾಗಿ ಮಾರ್ಚ್ ಕೊನೇ ಶನಿವಾರ ನಾನು ಆ ಗರಾಜಲ್ಲಿ. ಯಾವುದೋ ಮುಚ್ಚಿಹೋದ ಆಫೀಸಿಂದ ತಂದ ಪ್ರಿಂಟರ್, ಒಂದು ಎಮ್ಮೆಕರು ಗಾತ್ರ. ಅದು ಶುರುವಾದ್ರೆ ಪಕ್ಕದ ಬೀದಿ ನಾಯಿ ಎದ್ದು ನಿಲ್ಲೋದು. ಪ್ರಿಂಟರ್ ಮುಚ್ಚಳದ ಮೇಲೆ ಸಾಲಾಗಿ ಕಿತ್ತಳೆ ಸಿಪ್ಪೆ. ಹೊರಗೆ ಕಾರಿನ ಬಾನೆಟ್ ಮೇಲೂ ಸಾಲಾಗಿ ಕಿತ್ತಳೆ ಸಿಪ್ಪೆ. ಅವರ ಊರಿನ ಕಡೆ ಅದು ದೊಡ್ಡ ವಿಷಯವಂತೆ. ಹಣ್ಣನ್ನ ಸುಲಿಯೋದಕ್ಕೂ ಒಂದು ಕ್ರಮ. ಚಾಕುವಲ್ಲಿ ಮೂರು ಗೀಟು ಎಳೆದು ಬಿಡಿಸಿದ್ರೆ ಸಿಪ್ಪೆ ಬುಡದಲ್ಲಿ ಅಂಟ್ಕೊಂಡು ಮೂರು ಎಸಳಿನ ಹೂವಾಗ್ಬೇಕು, ಹರೀಬಾರ್ದು. ಒಣಗಿದ ಮೇಲೆ ಗಾಜಿನ ಭರಣಿಗೆ ತುಂಬಿ ವರ್ಷ ಬರೆದಿಡೋದು. ಶೆಲ್ಫ್ ಮೇಲೆ ನಾಲ್ಕು ಭರಣಿ, ನಾಲ್ಕು ವರ್ಷ. ಒಂದಕ್ಕೂ ಮುಚ್ಚಳ ತೆಗೆದ ಗುರುತಿಲ್ಲ.

“ಇದರಲ್ಲಿ ಏನ್ ಮಾಡ್ತೀರ ಆಂಟಿ?”

“ಸೂಪ್.”

“ಮತ್ತೆ ಮಾಡೇ ಇಲ್ಲ?”

“ಒಬ್ಬರಿಗೆ ಯಾರು ಸೂಪ್ ಮಾಡ್ತಾರೆ?” ಅಂದ್ರು, ಸ್ಟೇಪ್ಲರ್ ಹುಡುಕ್ತಾ.

ಪ್ರಶ್ನೆ ತೆಗೆಯೋ ವಿದ್ಯೆ ಅವರೇ ಕಲಿಸಿದ್ದು. ನಾಲ್ಕು ಉತ್ತರದಲ್ಲಿ ಒಂದು ಸರಿ, ಒಂದು ಸರಿ ಥರ ಕಾಣೋದು, ಒಂದು ಉಲ್ಟಾ, ಒಂದು ತಿಕ್ಕಲು. ಮೊದಲ ನಾಲ್ಕು ಪ್ರಶ್ನೆ ಸುಲಭ: ಯಾರು, ಎಲ್ಲಿ, ಯಾವಾಗ, ಯಾಕೆ. ಐದನೇದು ಮಾತ್ರ ಯಾವಾಗ್ಲೂ ಊಹೆದು. ‘ಈ ಪ್ಯಾಸೇಜಿಂದ ನಾವು ಏನು ತಿಳ್ಕೋಬಹುದು?’ ಬರೆದಿಲ್ಲದೇ ಇರೋದನ್ನ ಓದೋದು ಅದು.

“ಇನ್ನೊಂದು ರೂಲು,” ಅಂದ್ರು ಆಂಟಿ. “ಪ್ಯಾಸೇಜಲ್ಲಿ ಇರೋದು ಮಾತ್ರ ನಿಜ. ಹೊರಗಿನ ಪ್ರಪಂಚ ಇಲ್ಲ.”

ನೋಡಿ, ನನ್ನಂಥೋಳಿಗೆ ಯಾರಾದ್ರೂ ಈ ಮಾತು ಹೇಳ್ತಾರಾ? ಕೋತಿ ಕೈಗೆ ತೆಂಗಿನ ತೋಟ ಬರ್ಕೊಟ್ಟಂಗಾಯ್ತು.

ಮೊದಲನೇ ಪ್ಯಾಸೇಜಲ್ಲಿ ನಮ್ಮ ಬಸ್ ಸ್ಟಾಪಿಗೆ ದಿನಾ ಒಂದು ಕಾಂಗರೂ ಬರುತ್ತೆ, ಕಾರ್ಡ್ ಟ್ಯಾಪ್ ಮಾಡಿ ಹತ್ತುತ್ತೆ, ವಯಸ್ಸಾದೋರು ಬಂದ್ರೆ ಎದ್ದು ಸೀಟ್ ಕೊಡುತ್ತೆ. ನಿಜ ಏನಂದ್ರೆ, ಒಂದು ಮಂಜಿನ ಬೆಳಿಗ್ಗೆ ಸ್ಕೂಲ್ ಗ್ರೌಂಡಿನ ಆ ತುದೀಲಿ ಕಂದು ಬಣ್ಣದ್ದು ಏನೋ ನೋಡಿದ್ದೆ. ಅದು ಕಸದ ಡಬ್ಬಿನೂ ಇರಬಹುದು. ಎರಡನೇದರಲ್ಲಿ ನಮ್ಮಪ್ಪ ಪಾರ್ಕಿನ ಬಾರ್ಬೆಕ್ಯೂ ಒಲೆ ಮೇಲೆ ಗೊಜ್ಜಿಗೆ ಅಂತ ಬದನೆಕಾಯಿ ಸುಟ್ಟು, ಆ ಹೊಗೆಗೆ ಮೂರು ಫೈರ್ ಎಂಜಿನ್ ಬಂದು, ಫೈರ್‌ನೋರು ಊಟ ಮಾಡ್ಕೊಂಡು ರೆಸಿಪಿ ಬರ್ಕೊಂಡು ಹೋದ್ರು. ಅಪ್ಪ ಬದನೆಕಾಯಿ ಸುಟ್ಟಿದ್ದು ನಿಜ. ಬಂದಿದ್ದು ನಾಯಿ ಹಿಡ್ಕೊಂಡ ಒಬ್ಬ ತಾತ. “ಏನ್ ಮೇಟ್ ಅದು?” ಅಂದು, ಉತ್ತರಕ್ಕೂ ಕಾಯದೆ ಹೋದ.

ಆಂಟಿ ಎಲ್ಲಾನೂ ಕನ್ನಡಕ ಮೂಗಿನ ತುದಿಗೆ ಇಳಿಸಿ, ಬ್ಲಡ್ ರಿಪೋರ್ಟ್ ನೋಡೋ ಮುಖದಲ್ಲಿ ಓದ್ತಿದ್ರು.

“ಕಾಂಗರೂ ಹೆಸರು?”

“ಬ್ರೂಸ್, ಆಂಟಿ.”

“ಬರಿ. ಹೆಸರಿದ್ರೆ ಒಂದು ಪ್ರಶ್ನೆ ಜಾಸ್ತಿ ಸಿಗುತ್ತೆ.”

ಪ್ರಿಂಟರ್ ಗುಡುಗಿ ಎರಡು ಪ್ರತಿ ಕಕ್ಕೋದು. ಒಂದು ನಮ್ಮ ಫೈಲಿಗೆ, ಇನ್ನೊಂದನ್ನ ಆಂಟಿ ಫೋಟೋ ತೆಗೆದು ಊರಿಗೆ ಕಳಿಸೋರು. ಯುಟಾಂಗ್ ಅಲ್ಲಿ ಉತ್ತರ ಬರೆದು ಭಾನುವಾರ ಆರ್ವೋ ಹೊತ್ತಿಗೆ ಫೋಟೋ ವಾಪಸ್ ಕಳಿಸೋಳು. ನಾನು ಬಾತುಕೋಳಿ ದಾಟ್ಕೊಂಡು ಮತ್ತೆ ಓಡಿಬರ್ತಿದ್ದೆ, ಆಂಟಿ ಅದನ್ನ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ತಿದ್ದೋದನ್ನ ನೋಡೋಕೆ.

ಮೊದಲ ವಾರ ಐದಕ್ಕೆ ಎರಡು. ಎರಡನೇ ವಾರ ಒಂದು. ಮೂರನೇ ವಾರ ಸೊನ್ನೆ. ನಾಲ್ಕನೇ ವಾರಾನೂ ಸೊನ್ನೆ.

ಆಂಟಿ ಒಂದು ಹಣ್ಣು ತಗೊಂಡು ಮೂರು ಗೀಟು ಎಳೆದ್ರು. ಸಿಪ್ಪೆ ಹರೀತು. ಅವರ ಕೈಯಲ್ಲಿ ಸಿಪ್ಪೆ ಹರಿದಿದ್ದು ನಾನು ನೋಡಿದ್ದು ಅದೇ ಮೊದಲು.

“ಆಂಟಿ, ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಏನಾಗುತ್ತೆ?”

“ಬಂದ್ರೆ ಊರಿನ ದೊಡ್ಡ ಹೈಸ್ಕೂಲು. ಮೂರು ವರ್ಷ ಅಲ್ಲೇ ಇದ್ದು ಓದ್ತಾಳೆ. ಬರ್ಲಿಲ್ಲ ಅಂದ್ರೆ…” ಹರಿದ ಸಿಪ್ಪೆನ ಜೋಡಿಸೋಕೆ ನೋಡಿದ್ರು. “ಬರ್ಲಿಲ್ಲ ಅಂದ್ರೆ ಇಲ್ಲಿಗೆ ಕರ್ಕೊಂಡು ಬರ್ಬೇಕು. ಬೇರೆ ದಾರಿ ಇಲ್ಲ. ಅವಳಿಗೂ ಹೇಳಿದೀನಿ.”

ಬೇರೆ ದಾರಿ ಇಲ್ಲ ಅನ್ನೋದನ್ನ ಅವರು ಹೇಳಿದ ರೀತಿ ಕೇಳಿದ್ರೆ, ಬ್ರಿಸ್ಬೇನ್ ಅನ್ನೋದು ಫೇಲಾದೋರನ್ನ ಕೂಡಿಹಾಕೋ ದ್ವೀಪ ಅನ್ಕೋಬೇಕು.

ಇದಾದ ಮುಂದಿನ ಶನಿವಾರ ಪೇಪರ್ ಖಾಲಿಯಾಯ್ತು. “ಒಳಗೆ, ಕೊನೇ ರೂಮು,” ಅಂದ್ರು ಆಂಟಿ, ಪ್ರಿಂಟರ್ ಹೊಟ್ಟೆಗೆ ಕೈ ಹಾಕ್ಕೊಂಡು. ನಾನು ಹೋಗಿ ತಪ್ಪು ರೂಮಿನ ಬಾಗಿಲು ತೆಗೆದೆ.

ಒಂದು ಮಂಚ. ಹಾಸಿಗೆ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಂಗೇ ಇದೆ, ಅದರ ಮೇಲೆ ಮಡಿಸಿಟ್ಟ ಬೆಡ್‌ಶೀಟು, ಸಣ್ಣ ಹಳದಿ ಹೂವಿಂದು. ಮೇಜು, ಮೇಜಿನ ಮೇಲೆ ದೀಪ, ದೀಪದ ಬೆಲೆಚೀಟಿ ಕೂಡ ಕಿತ್ತಿಲ್ಲ. ಬಾಗಿಲ ಹಿಂದೆ ಒಂದು ಜೊತೆ ಚಪ್ಪಲಿ, ಹೊಸದು. ಅದರ ಪಕ್ಕ ಇನ್ನೊಂದು ಜೊತೆ, ಸ್ವಲ್ಪ ಚಿಕ್ಕದು. ಅದರ ಪಕ್ಕ ಇನ್ನೂ ಚಿಕ್ಕದು. ನಾಲ್ಕು ಜೊತೆ. ಕಿಟಕಿಯಿಂದ ಜೇನು ಬಣ್ಣದ ಬಿಸಿಲು ಬಂದು ಆ ಪ್ಲಾಸ್ಟಿಕ್ ಮೇಲೆ ಮಲಗಿತ್ತು. ಅಲ್ಲಿ ಮಲಗ್ತಿದ್ದಿದ್ದು ಅದೊಂದೇ.

ಹಿಂದೆ ಆಂಟಿ ನಿಂತಿದ್ರು.

“ಯಾರಿಗೆ ಆಂಟಿ ಈ ರೂಮು?”

“ಗೆಸ್ಟ್‌ಗೆ.”

“ಯಾವ ಗೆಸ್ಟು?”

ಆಂಟಿ ಬಾಗಿಲು ಎಳ್ಕೊಂಡ್ರು. “ಯುಟಾಂಗ್‌ಗೆ ಹೇಳ್ಬೇಡ. ಓದೋ ಹೊತ್ತಲ್ಲಿ ಅವಳ ಮನಸ್ಸು ಇಲ್ಲಿಗೆ ಬರ್ಬಾರ್ದು. ಅಲ್ಲಿ ಅವಳು ದೊಡ್ಡೋಳು, ಕ್ಲಾಸಿಗೇ ಫಸ್ಟು. ಇಲ್ಲಿಗೆ ಬಂದ್ರೆ ನನ್ನ ಥರ ಆಗ್ಬಿಡ್ತಾಳೆ. ಅಂಗಡಿಯಲ್ಲಿ ಮಾತಾಡೋಕೆ ಮುಂಚೆ ಮನಸ್ಸಲ್ಲೇ ಮೂರು ಸಲ ಹೇಳ್ಕೊಳ್ಳೋದು. ಚಿಕ್ಕೋಳಾಗ್ಬಿಡ್ತಾಳೆ.”

ಪೇಪರ್ ಎದುರು ರೂಮಲ್ಲಿ ಇತ್ತು.

ಮೇ ಮೂರನೇ ವಾರದಲ್ಲಿ ಒಂದು ಭಾನುವಾರ ಯುಟಾಂಗ್ ವಿಡಿಯೋ ಕಾಲಲ್ಲಿ ಬಂದ್ಲು. ಆಂಟಿ ಫೋನನ್ನ ಪ್ರಿಂಟರ್ ಮೇಲೆ ಸಿಪ್ಪೆಗಳ ಮಧ್ಯೆ ನಿಲ್ಲಿಸಿ ಒಳಗೆ ಚಹಾ ಮಾಡೋಕೆ ಹೋದ್ರು. ಹಣೆ ಮುಚ್ಚೋ ಕೂದಲು, ದಪ್ಪ ಕನ್ನಡಕ, ರೆಪ್ಪೆ ಹೊಡೆಯದೆ ನೋಡೋ ಕಣ್ಣು. ನಾನು ಬಾಯಿ ಅಗಲ ಮಾಡಿ, ಕಿವುಡರಿಗೆ ಹೇಳೋ ಥರ, ನಿಧಾನವಾಗಿ, “ಹ… ಲೋ… ಯುಟಾಂಗ್…” ಅಂದೆ.

“ಆ ಕಾಂಗರೂ,” ಅಂದ್ಲು ಅವಳು, ಅಚ್ಚುಕಟ್ಟಾದ ಇಂಗ್ಲಿಷಲ್ಲಿ. “ಯಾವ ನಂಬರ್ ಬಸ್ಸು?”

“ಆಂ?”

“ಇನ್ನೊಂದು ಡೌಟು. ಫೈರ್‌ನೋರು ಊಟಕ್ಕೆ ಕೂತಾಗ ಫೈರ್ ಎಂಜಿನ್ ಎಲ್ಲಿ ನಿಲ್ಲಿಸಿದ್ರು? ಪಾರ್ಕಲ್ಲಿ ಬಾತುಕೋಳಿ ಇದೆ ಅಂತ ನೀನೇ ಬರೆದಿದ್ದೆ.”

ನನ್ನ ಹದಿನೈದು ವರ್ಷದ ಬುರುಡೆ ಜೀವನದಲ್ಲಿ ಪಾರ್ಕಿಂಗ್ ಬಗ್ಗೆ ಕೇಳಿದೋರು ಅವಳೊಬ್ಬಳೇ. ಉತ್ತರ ಹೊಳೆಯೋದ್ರೊಳಗೆ ಆಂಟಿ ಚಹಾ ತಂದ್ರು, ಯುಟಾಂಗ್ ತಕ್ಷಣ ಮುಖ ಪೆದ್ದು ಮಾಡ್ಕೊಂಡು, “ಥ್ಯಾಂಕ್ಯೂ ಫಾರ್ ಪ್ಯಾಸೇಜ್. ವೆರಿ ಡಿಫಿಕಲ್ಟ್,” ಅಂತ ತೊದಲಿದ್ಲು.

ಮನೆಗೆ ಹೋಗ್ತಾ ದಾರೀಲಿ, ಬಾತುಕೋಳಿಗಳ ಮಧ್ಯೆ, ನಾನು ನಿಂತುಬಿಟ್ಟೆ. ಇವಳಿಗೆ ಪ್ಯಾಸೇಜ್ ಅರ್ಥ ಆಗಲ್ಲ ಅಂತೆ! ಬರೆದೋಳು ನಾನು, ಅವಳಿಗೆ ನನಗಿಂತ ಚೆನ್ನಾಗಿ ಅರ್ಥ ಆಗಿದೆ.

ಆಮೇಲೆ ನಾನು ಪತ್ತೇದಾರಿ ಕೆಲಸಕ್ಕೆ ಇಳಿದೆ. ಫೈಲ್ ತೆಗೆದು ಹಳೇ ಉತ್ತರ ಎಲ್ಲಾ ನೋಡಿದೆ. ಏನೂ ಗೊತ್ತಿಲ್ಲದೋರು ಕಣ್ಣು ಮುಚ್ಚಿ ಎ, ಬಿ, ಸಿ, ಡಿ ಹಾಕಿದ್ರೂ ಅಲ್ಲೊಂದು ಇಲ್ಲೊಂದು ಸರಿ ಬೀಳುತ್ತೆ. ನನ್ನ ಗಣಿತದ ಪೇಪರೇ ಅದಕ್ಕೆ ಸಾಕ್ಷಿ. ಇವಳದ್ದು ವಾರಗಟ್ಲೆ ಒಂದೂ ಬಿದ್ದಿಲ್ಲ. ಎಲ್ಲಾ ತಪ್ಪು ಮಾಡ್ಬೇಕು ಅಂದ್ರೆ ಎಲ್ಲಾ ಗೊತ್ತಿರ್ಬೇಕು.

ಮುಂದಿನ ಶನಿವಾರ ಬಲೆ ಹಾಕಿದೆ. ನಮ್ಮನೆ ಊಟದ ಬಗ್ಗೆ ಒಂದು ಪ್ಯಾಸೇಜ್. ಟೇಬಲ್ ಮೇಲೆ ಅನ್ನ, ಸಾರು, ಮೊಸರು, ಉಪ್ಪಿನಕಾಯಿ ಇತ್ತು ಅಂತ ಬರೆದೆ. ಮೂರನೇ ಪ್ರಶ್ನೆ: ‘ಟೇಬಲ್ ಮೇಲೆ ಏನಿತ್ತು?’ ಎ, ಅನ್ನ. ಬಿ, ಸಾರು. ಸಿ, ಮೊಸರು. ಡಿ, ಉಪ್ಪಿನಕಾಯಿ. ಯಾವುದಕ್ಕೆ ಟಿಕ್ ಹಾಕಿದ್ರೂ ಸರಿನೇ. ತಪ್ಪು ಮಾಡೋಕೆ ಜಾಗನೇ ಇಲ್ಲ.

ಆಂಟಿ ಅವತ್ತು ಡ್ಯೂಟಿಯಿಂದ ಸುಸ್ತಾಗಿ ಬಂದಿದ್ರು, ಸರಿಯಾಗಿ ನೋಡದೆ ಕಳಿಸಿಬಿಟ್ರು.

ಭಾನುವಾರ ಫೋಟೋ ಬಂತು. ಒಂದು ತಪ್ಪು, ಎರಡು ತಪ್ಪು, ನಾಲ್ಕು ತಪ್ಪು, ಐದು ತಪ್ಪು. ಮೂರನೇದು ಖಾಲಿ. ಅಲ್ಲಿ ಕಾಗದ ಸ್ವಲ್ಪ ಕೊಳೆಯಾಗಿತ್ತು, ರಬ್ಬರಲ್ಲಿ ಉಜ್ಜಿ ಉಜ್ಜಿ. ಪಾಪ, ತುಂಬಾ ಹೊತ್ತು ಹುಡುಕಿದಾಳೆ ತಪ್ಪನ್ನ.

“ಪಾಪ, ಸೋತುಹೋಗಿದೆ ಮಗು. ಖಾಲಿ ಬಿಟ್ಟಿದಾಳೆ,” ಅಂದ್ರು ಆಂಟಿ. ಕೆಂಪು ಪೆನ್ನನ್ನ ಪಕ್ಕಕ್ಕಿಟ್ಟುಬಿಟ್ರು.

ನನಗೆ ನಗು ಬರ್ಬೇಕಿತ್ತು. ಬರ್ಲಿಲ್ಲ. ಗೆದ್ದೆ ಅಂತ ಬೀಗೋ ಹುಡುಗಿ ನಾನು, ಆ ಗೆಲುವನ್ನ ಎಲ್ಲಿಡ್ಬೇಕು ಅಂತ ಗೊತ್ತಾಗ್ಲಿಲ್ಲ. ಯುಟಾಂಗ್‌ಗೆ ಅಮ್ಮನ ಹತ್ರ ಬರ್ಬೇಕು. ಬರೋಕೆ ಇರೋ ಒಂದೇ ಬಾಗಿಲು ಫೇಲಾಗೋದು ಅಂತ ಅವಳಿಗೆ ಹೇಳಿದಾರೆ. ಅದಕ್ಕೇ ಫೇಲಾಗೋದನ್ನ ಶ್ರದ್ಧೆಯಿಂದ ಪ್ರಾಕ್ಟೀಸ್ ಮಾಡ್ತಿದಾಳೆ. ಇಲ್ಲಿ ಇವರು ವರ್ಷಕ್ಕೊಂದು ಸೈಜ್ ದೊಡ್ಡ ಚಪ್ಪಲಿ ತಂದಿಟ್ಟು ಬಾಗಿಲು ಮುಚ್ಚಿದಾರೆ. ಇನ್ನು ಕೆಲವೇ ವಾರಕ್ಕೆ ಅವಳು ನಿಜವಾದ ಪರೀಕ್ಷೆಲೂ ಹೀಗೇ ಮಾಡಿದ್ರೆ, ಬರ್ತಾಳೆ, ಆದ್ರೆ ಸೋತೋಳು ಅಂತ ಬರ್ತಾಳೆ. ಆಂಟಿ ಹೆದರಿದ ಹಂಗೇ, ಚಿಕ್ಕೋಳಾಗಿ.

ಅವತ್ತು ಅಡುಗೆಮನೇಲಿ ಅಮ್ಮನ ಸುತ್ತ ಸುಳಿದಾಡಿದೆ. “ಅಮ್ಮಾ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ, ಇನ್ನೊಬ್ಬರದ್ದು ಇವರಿಗೆ ಗೊತ್ತಿಲ್ಲ, ಇಬ್ಬರದೂ ನಿನಗೆ ಗೊತ್ತು. ಏನ್ ಮಾಡ್ತೀಯ?”

“ಏನ್ ಕಿತಾಪತಿ ಮಾಡಿದೀಯ?”

“ನಾನಲ್ಲಮ್ಮಾ! ಒಂದು ಕಥೆ.”

“ಕಥೆ ಆದ್ರೆ ಬರಿ. ನನ್ನ ತಲೆ ತಿನ್ಬೇಡ, ಒಗ್ಗರಣೆ ಸೀದುಹೋಗುತ್ತೆ.”

ಬರೆದೆ. ಜೂನ್ ಮೊದಲನೇ ಶನಿವಾರ, ಗರಾಜಲ್ಲಿ, ಬಾಗಿಲು ತೆಗೆದಿಟ್ಕೊಂಡು. ಹೊರಗೆ ಗಾಳಿ ಬೀಸಿ ಬಾನೆಟ್ ಮೇಲಿನ ಸಿಪ್ಪೆಗಳು ಒಂದೊಂದಾಗಿ ಸಣ್ಣಗೆ ಅಲುಗ್ತಿದ್ವು. ಕಾಂಗರೂ ಇಲ್ಲ, ಫೈರ್ ಎಂಜಿನ್ ಇಲ್ಲ. ಒಂದು ಮನೆ ಇದೆ. ಆ ಮನೇಲಿ ಒಬ್ಬರು ಹೆಂಗಸು ಇದಾರೆ. ಯಾರೂ ಮಲಗದ ಒಂದು ರೂಮಿದೆ. ಹಾಸಿಗೆ ಪ್ಲಾಸ್ಟಿಕ್ ತೆಗೆದಿಲ್ಲ, ದೀಪದ ಚೀಟಿ ಕಿತ್ತಿಲ್ಲ. ಬಾಗಿಲ ಹಿಂದೆ ನಾಲ್ಕು ಜೊತೆ ಚಪ್ಪಲಿ, ಒಂದಕ್ಕಿಂತ ಒಂದು ದೊಡ್ಡದು. ಶೆಲ್ಫ್ ಮೇಲೆ ನಾಲ್ಕು ಭರಣಿ, ಒಂದೂ ತೆಗೆದಿಲ್ಲ, ಯಾಕಂದ್ರೆ ಒಬ್ಬರಿಗೆ ಯಾರೂ ಸೂಪ್ ಮಾಡಲ್ಲ.

ಇಷ್ಟೂ ನಿಜ. ನನಗೆ ಕೈ ತುರಿಸೋಕೆ ಶುರುವಾಯ್ತು. ಪೂರ್ತಿ ನಿಜ ಬರೆದು ಅಭ್ಯಾಸ ಇಲ್ಲ ನೋಡಿ. ಕೊನೇಲಿ ಒಂದು ಸಾಲು ಸೇರಿಸಿಬಿಟ್ಟೆ: ಆ ರೂಮಿನ ಕಿಟಕಿ ಹೊರಗೆ ಒಂದು ಕಿತ್ತಳೆ ಮರ ಇದೆ.

ಐದನೇ ಪ್ರಶ್ನೆ: ‘ಆ ಹೆಂಗಸಿನ ಬಗ್ಗೆ ನಾವು ಏನು ತಿಳ್ಕೋಬಹುದು?’ ಎ, ಅವರಿಗೆ ಶಾಪಿಂಗ್ ಅಂದ್ರೆ ಇಷ್ಟ. ಬಿ, ಅವರು ಮನೆ ಮಾರ್ತಾರೆ. ಸಿ, ಅವರು ಒಬ್ಬರಿಗೋಸ್ಕರ ಕಾಯ್ತಿದಾರೆ. ಡಿ, ಅವರ ಕಾಲು ಪ್ರತಿ ವರ್ಷ ಬೆಳೆಯುತ್ತೆ.

ಆಂಟಿಗೆ ಕೊಟ್ಟೆ. ಕನ್ನಡಕ ಇಳಿಸಿ ಓದಿದ್ರು. ಇನ್ನೊಂದು ಸಲ ಓದಿದ್ರು. ಪ್ರಿಂಟರ್ ಬಿಸಿಯಾಗಿ ಸುಮ್ನೆ ಗುಂಯ್ ಅಂತಿತ್ತು. ಬೈತಾರೆ, ಅಮ್ಮನಿಗೆ ಫೋನ್ ಮಾಡ್ತಾರೆ, ನನ್ನ ಲೇಖನ ವೃತ್ತಿ ಇಲ್ಲಿಗೆ ಮುಗೀತು ಅಂದ್ಕೊಂಡೆ.

“ಹೇಳ್ಬೇಡ ಅಂದಿದ್ದೆ.”

“ಹೇಳಿಲ್ಲ ಆಂಟಿ. ಪ್ಯಾಸೇಜ್ ಬರೆದಿದೀನಿ.”

ಕೊನೇ ಸಾಲಿನ ಮೇಲೆ ಬೆರಳಿಟ್ಟು, “ಮರ ಇಲ್ಲ,” ಅಂದ್ರು.

“ಪ್ಯಾಸೇಜಿಗೆ ಒಂದು ಮರ ಬೇಕು ಆಂಟಿ.”

ಅವರು ಕಾಗದ ನೋಡಿದ್ರು, ಬಾನೆಟ್ ಮೇಲಿನ ಸಿಪ್ಪೆ ನೋಡಿದ್ರು. ಆಮೇಲೆ ಬಟನ್ ಒತ್ತಿದ್ರು. ಎಮ್ಮೆಕರು ಗುಡುಗ್ತು. ಪಕ್ಕದ ಬೀದಿ ನಾಯಿ ಎದ್ದು ನಿಲ್ತು.

ಭಾನುವಾರ ಆರ್ವೋ ಫೋಟೋ ಬಂತು. ಮೊದಲನೇದು ಸರಿ. ಎರಡು ಸರಿ. ಮೂರು, ನಾಲ್ಕು ಸರಿ. ಆಂಟಿ ಕೆಂಪು ಪೆನ್ನಲ್ಲಿ ಟಿಕ್ ಹಾಕ್ತಾ ಹೋದ್ರು, ಪ್ರತಿ ಟಿಕ್ಕಿಗೂ ಉಸಿರು ಬಿಡ್ತಾ. ಐದನೇದರಲ್ಲಿ ನಿಂತ್ರು. ಯುಟಾಂಗ್ ನಾಲ್ಕರಲ್ಲಿ ಯಾವುದಕ್ಕೂ ಗುರುತು ಹಾಕಿರ್ಲಿಲ್ಲ. ಡಿ ಕೆಳಗೆ, ಸ್ಕೇಲ್ ಇಟ್ಟು ಬರೆದಂಗಿರೋ ಅಕ್ಷರದಲ್ಲಿ, ತಾನೇ ಒಂದು ‘ಇ’ ಸೇರಿಸಿದ್ಲು.

ಇ, ಅವರು ನನ್ನನ್ನ ಒಂದು ಸಲ ಕೇಳ್ಬೇಕು.

ಆಂಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಪೆನ್ನಿನ ಕ್ಯಾಪ್ ಹಾಕಿದ್ರು, ತೆಗೆದ್ರು, ಮತ್ತೆ ಹಾಕಿದ್ರು. ಫೋನ್ ಕೈಗೆ ತಗೊಂಡ್ರು.

ನಾನು ಹೊರಗೆ ಡ್ರೈವ್‌ವೇಗೆ ಬಂದು ನಿಂತೆ. ಒಳಗೆ ಅವರ ಭಾಷೆ, ಕ್ಯಾಂಟನೀಸ್. ನನಗೆ ಒಂದಕ್ಷರ ಬರಲ್ಲ. ಮೊದಲು ಆಂಟಿದು ಒಂದು ಚಿಕ್ಕ ವಾಕ್ಯ, ಕೊನೇಲಿ ಮೇಲಕ್ಕೆ ಹೋಯ್ತು, ಪ್ರಶ್ನೆ ಥರ. ಆಮೇಲೆ ಗಮ್ ಮರದ ಎಲೆ ಬಾಚೋ ಗಾಳಿ ಅಷ್ಟೇ. ಬಿಸಿಲು ಬಾನೆಟ್ಟಿನ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಸಿಪ್ಪೆಯಷ್ಟು ಸರೀತು. ಫೋನಿನ ಆ ಕಡೆಯಿಂದ ಒಂದೇ ಒಂದು ಶಬ್ದ ಬಂತು, ಪುಟ್ಟದು. ಆಮೇಲೆ ಇಬ್ರೂ ಒಟ್ಟಿಗೆ ಮಾತಾಡೋಕೆ ಶುರು ಮಾಡಿದ್ರು, ಮೂಗು ಸೊರಸೊರ ಅನ್ನಿಸ್ಕೊಂಡು, ಬೈಕೊಂಡು. ಒಂದು ಪದ ಅರ್ಥ ಆಗ್ಲಿಲ್ಲ. ಆದ್ರೆ ಅವತ್ತು ಯಾರಾದ್ರೂ ಅದರ ಮೇಲೆ ಐದು ಪ್ರಶ್ನೆ ಕೊಟ್ಟಿದ್ರೆ ಐದಕ್ಕೆ ಐದು ತಗೊಂಡಿರ್ತಿದ್ದೆ.

ಯುಟಾಂಗ್ ಪರೀಕ್ಷೇನ ನಿಜವಾಗ್ಲೂ ಬರೆದ್ಲು. ದೊಡ್ಡ ಹೈಸ್ಕೂಲಲ್ಲಿ ಸೀಟು ಸಿಕ್ತು. ಆ ಸೀಟು ಬೇಡ ಅಂತ ತಾನೇ ಹೇಳಿ, ಡಿಸೆಂಬರಲ್ಲಿ ಅಜ್ಜಿ ಕೈ ಹಿಡ್ಕೊಂಡು ವಿಮಾನ ಹತ್ತಿದ್ಲು. ಅಜ್ಜಿ ಮೂರು ತಿಂಗಳಿದ್ದು, ಇಲ್ಲಿನ ಸೊಪ್ಪು ಸರಿ ಇಲ್ಲ ಅಂತ ವಾಪಸ್ ಹೋದ್ರು.

ಬಂದ ಮಾರನೇ ದಿನ, ಟಾರು ಕರಗೋ ಬಿಸಿಲಲ್ಲಿ, ನಮ್ಮನೆ ಬೆಲ್ ಆಯ್ತು. ಯುಟಾಂಗ್. ಒಂದು ಕೈಯಲ್ಲಿ ನನ್ನ ಪ್ಯಾಸೇಜುಗಳ ಫೈಲು, ಇನ್ನೊಂದರಲ್ಲಿ ಕೆಂಪು ಪೆನ್ನು. ಕುಶಲ ಇಲ್ಲ, ಏನಿಲ್ಲ. “ಬಸ್ ಸ್ಟಾಪ್ ತೋರ್ಸು,” ಅಂದ್ಲು.

ನಾರ್ತ್ ಲೇಕ್ಸ್ ತುಂಬಾ ನನ್ನ ಮೆರವಣಿಗೆ ಆಯ್ತು. ಪ್ರತಿ ವಾಕ್ಯದ ಪಕ್ಕ ಸರಿ ಅಥವಾ ತಪ್ಪು. ಬಸ್ ಡ್ರೈವರನ್ನೇ ಕೇಳಿದ್ಲು, ಇಲ್ಲಿ ಬ್ರೂಸ್ ಅಂತ ಯಾರಾದ್ರೂ ಹತ್ತುತ್ತಾರಾ ಅಂತ. “ನಾನೇ ಬ್ರೂಸ್,” ಅಂದ ಅವನು. ಅರ್ಧ ಮಾರ್ಕ್ಸ್ ಕೊಡು ಅಂತ ಗೋಗರೆದೆ. ಕೊಡ್ಲಿಲ್ಲ. ಸಂಜೆ ಹೊತ್ತಿಗೆ ಫೈಲೆಲ್ಲಾ ಕೆಂಪು, ನಾನು ಬಿಸಿಲಿಗೆ ಇನ್ನೂ ಕೆಂಪು.

ಕೊನೇ ಪ್ಯಾಸೇಜಿಗೆ ಅವರ ಮನೆಗೇ ಹೋದ್ವಿ. ಪ್ಲಾಸ್ಟಿಕ್ ತೆಗೆದ ಹಾಸಿಗೆ, ಹಳದಿ ಹೂವಿನ ಬೆಡ್‌ಶೀಟು. ದೀಪ, ಸರಿ. ಚಪ್ಪಲಿ, ಸರಿ. ಭರಣಿ, ಸರಿ. ಮೊದಲನೇದರ ಮುಚ್ಚಳ ತೆಗೆದಾಗಿತ್ತು, ಅಡುಗೆಮನೆಯಿಂದ ಸೂಪಿನ ಹಬೆ ಬರ್ತಿತ್ತು. ಉಳಿದಿದ್ದು ಕೊನೇ ಸಾಲು. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ.

ಯುಟಾಂಗ್ ಕಿಟಕಿ ತೆಗೆದು ಬಗ್ಗಿ ನೋಡಿದ್ಲು. ನಾನೂ ಹೋಗಿ ನೋಡಿದೆ.

ಕಿಟಕಿ ಕೆಳಗೆ, ಹೊಸದಾಗಿ ಅಗೆದ ಮಣ್ಣಲ್ಲಿ, ಮೊಣಕಾಲೆತ್ತರದ ಒಂದು ಕಡ್ಡಿ. ಅದಕ್ಕೆ ಎಂಟು ಎಲೆ. ನರ್ಸರಿ ಚೀಟಿ ಇನ್ನೂ ನೇತಾಡ್ತಿತ್ತು, ಅದರ ಮೇಲೆ ಕಿತ್ತಳೆ ಹಣ್ಣಿನ ಚಿತ್ರ. ಆಂಟಿ ಯಾವಾಗ ಹೋಗಿ ತಂದ್ರೋ, ಯಾವಾಗ ಅಗೆದ್ರೋ. ನಾನು ಬಿಟ್ಟ ಬುರುಡೆಗೆ ಗುಂಡಿ ತೋಡಿ, ಗೊಬ್ಬರ ಹಾಕಿ, ನೀರು ಹುಯ್ದಿದ್ರು.

ಯುಟಾಂಗ್ ಕನ್ನಡಕ ಒರೆಸ್ಕೊಂಡ್ಲು. “ಪ್ಯಾಸೇಜಲ್ಲಿ ಮರ ಅಂತಿದೆ. ಇದು ಗಿಡ,” ಅಂದು ‘ಸರಿ’ ಅಂತ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ಲು.

ಈಗ, ಈ ಜೂನಲ್ಲಿ, ಗರಾಜ್ ಬಾಗಿಲು ಪೂರ್ತಿ ಮೇಲೆ ಹೋಗಿ ಟಪ್ ಅಂತ ನಿಲ್ತು. ಒಳಗೆ ಪ್ರಿಂಟರ್ ಪಕ್ಕ ಯುಟಾಂಗ್ ನಿಂತಿದ್ಲು, ಕೈಯಲ್ಲಿ ಆ ಹಳೇ ಫೈಲು. ಈಗ ಅವಳು ಅಂಗಡಿಯಲ್ಲಿ ನನಗಿಂತ ಜಾಸ್ತಿ ಮಾತಾಡ್ತಾಳೆ, ಅದೂ ಜಗಳಕ್ಕೆ.

“ಅಡಿಲೇಡಲ್ಲಿ ಟೂತ್‌ಪೇಸ್ಟ್ ಹೆಪ್ಪುಗಟ್ಟುತ್ತೆ ಅಂತ ಮೆಸೇಜ್ ಮಾಡಿದ್ಯಲ್ಲ, ಚೆಕ್ ಮಾಡಿದೆ. ತಪ್ಪು,” ಅಂದ್ಲು. “ಬಾ, ಮನೆ ಹಿಂದಕ್ಕೆ.”

ಮರ ನನ್ನ ಎದೆ ಮಟ್ಟಕ್ಕೆ ಬಂದಿತ್ತು. ಅದರಲ್ಲಿ ಮೂರು ಹಣ್ಣು. ಮೂರೇ. ಆಂಟಿ ಚಾಕು ಹಿಡ್ಕೊಂಡು ಕಾಯ್ತಾ ಇದ್ರು. ಒಂದನ್ನ ಕಿತ್ತು, ಮೂರು ಗೀಟು ಎಳೆದು, ಸಿಪ್ಪೆನ ಹರೀದಂಗೆ ಬಿಡಿಸಿ, ಒಂದು ತೊಳೆನ ನನ್ನ ಅಂಗೈ ಮೇಲಿಟ್ರು. ಯುಟಾಂಗ್ ಫೈಲ್ ತೆಗೆದು, ಎರಡೂವರೆ ವರ್ಷದ ಹಿಂದಿನ ಆ ಪ್ರಶ್ನೆ ಚಿಹ್ನೆ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ್ಲು.

“ಮೊದಲ ತೊಳೆ ನಿನಗೆ,” ಅಂದ್ರು ಆಂಟಿ. “ತಿನ್ನು.”

ಬಾಯಿಗೆ ಹಾಕ್ಕೊಂಡೆ. ದೇವ್ರೇ. ಹುಣಸೆ, ನಿಂಬೆ, ಮಾವಿನಕಾಯಿ ಮೂರೂ ಸೇರಿ ಸಂಘ ಕಟ್ಕೊಂಡು ಬಂದಂಗಿತ್ತು. ಒಂದು ಕಣ್ಣು ತಾನಾಗೇ ಮುಚ್ಕೊಳ್ತು.

“ಸಿಹಿ ಇದೆಯಾ?” ಆಂಟಿ ನನ್ನ ಬಾಯಿನೇ ನೋಡ್ತಿದ್ರು.

“ಜೇನು ಆಂಟಿ,” ಅಂದೆ. “ಬರೀ ಜೇನು.”

ಯುಟಾಂಗ್ ನನ್ನ ಮುಚ್ಚಿದ ಕಣ್ಣು ನೋಡಿದ್ಲು, ಅವಳಮ್ಮನ ಮುಖ ನೋಡಿದ್ಲು. ಹಲ್ಲಲ್ಲಿ ಕಚ್ಚಿ ಪೆನ್ನಿನ ಕ್ಯಾಪ್ ತೆಗೆದ್ಲು.